ವರ್ಟ್ ಕುದಿಯನ್ನು ತಾಪಮಾನದಿಂದ ನಿಯಂತ್ರಿಸಬಹುದೇ?

ಬೆಂಗಳೂರಿನ ನಿಮ್ಮ ಬಿಯರ್ ಬ್ರೂವರಿಯಲ್ಲಿ ವರ್ಟ್ (ಮಾಲ್ಟಿನಿಂದ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯಿಂದ ತೆಗೆದ ಸಿಹಿ ರಸ) ಕುದಿಸುವ, ಬಾಯ್ಲರಿನ ಸ್ಟೀಮಿನಿಂದ ಕಾಯುವ 1000 ಲೀಟರ್ ಕೆಟಲಿನಲ್ಲಿ ತಾಪಮಾನವನ್ನು 100 ಡಿಗ್ರಿಗೆ ಸೆಟ್ ಮಾಡಿದ್ದರೂ ಒಂದು ಬ್ಯಾಚ್ ಉಕ್ಕಿ ಹರಿಯುತ್ತದೆ, ಇನ್ನೊಂದರಲ್ಲಿ ಗ್ರಾವಿಟಿ (ವರ್ಟಿನಲ್ಲಿರುವ ಸಕ್ಕರೆಯ ಸಾಂದ್ರತೆ) ಕಡಿಮೆ ಬರುತ್ತದೆ, ಏನು ಮಾಡಬೇಕು ಎಂದು ಕೇಳಿದ್ದೀರಿ. ಇದೇ ಊರಿನಲ್ಲಿ ಬ್ರೂಹೌಸ್ ನೋಡಿಕೊಂಡ ಅನುಭವದಿಂದ ಹೇಳುವುದಾದರೆ, ಕುದಿ ಹತ್ತಿದ ಮೇಲೆ ತಾಪಮಾನವನ್ನು ನಂಬಬೇಡಿ, ಸ್ಟೀಮಿನ ಹರಿವನ್ನು ಹಿಡಿಯಿರಿ.

ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನೀರು ಕುದಿಯುವುದೇ 97 ಡಿಗ್ರಿಯ ಆಸುಪಾಸಿನಲ್ಲಿ. ನಿಮ್ಮ ಕಂಟ್ರೋಲರ್ ಎಂದಿಗೂ ಮುಟ್ಟಲಾಗದ 100ಕ್ಕಾಗಿ ಕಾಯುತ್ತಾ ವಾಲ್ವನ್ನು ಪೂರ್ತಿ ತೆರೆದೇ ಇಟ್ಟಿರುತ್ತದೆ. ಹಾಗಾಗಿ ಆ ದಿನ ಬಾಯ್ಲರಿನ ಒತ್ತಡ ಎಷ್ಟಿದೆಯೋ ಅಷ್ಟೇ ನಿಮ್ಮ ಕುದಿ. ನಾನೂ ಮೊದಲು ಸೆಟ್ ಪಾಯಿಂಟನ್ನು 97ಕ್ಕೆ ಇಳಿಸಿ ನೋಡಿದ್ದೆ. ಮ್ಯಾನ್‌ಹೋಲಿನಿಂದ ಇಣುಕಿದರೆ ವರ್ಟ್ ಒಂದು ನಿಮಿಷ ಕೊತಕೊತ ಕುದಿಯುತ್ತಿತ್ತು, ಮರುನಿಮಿಷ ವಾಲ್ವ್ ಮುಚ್ಚಿ ಮೇಲ್ಮೈ ತಣ್ಣಗೆ ನಿಂತುಬಿಡುತ್ತಿತ್ತು, ಪರದೆಯ ಮೇಲಿನ ಅಂಕಿ ಮಾತ್ರ ಅಲುಗಾಡುತ್ತಿರಲಿಲ್ಲ.

ಕುದಿಯುವ ದ್ರವಕ್ಕೆ ಕೊಟ್ಟ ಹೆಚ್ಚಿನ ಶಾಖವೆಲ್ಲ ಆವಿಯಾಗಿ ಹೋಗುತ್ತದೆ. ಒಂದು ಕಿಲೋ ನೀರು ಆವಿಯಾಗಲು ಒಂದು ಕಿಲೋಗಿಂತ ತುಸು ಹೆಚ್ಚು ಸ್ಟೀಮ್ ಬೇಕಾಗುವುದರಿಂದ, ಸ್ಟೀಮ್ ಲೈನಿಗೆ ಒಂದು ಫ್ಲೋ ಮೀಟರ್ ಹಾಕಿದರೆ ಆವಿಯಾಗುವ ಪ್ರಮಾಣವನ್ನೇ ಅಳೆದಂತಾಯಿತು. ಗಂಟೆಗೆ 5% ಬೇಕಿದ್ದರೆ ಸುಮಾರು 50 ಕಿಲೋ ನೀರು ಹೋಗಬೇಕು; ನಷ್ಟವನ್ನೂ ಸೇರಿಸಿ ಗಂಟೆಗೆ 55ರಿಂದ 60 ಕಿಲೋ ಸ್ಟೀಮಿಗೆ ಸೆಟ್ ಮಾಡಿ, ಕೊನೆಗೆ ಗ್ರಾವಿಟಿಯಿಂದ ಸರಿನೋಡಿ. ತೂಕದಲ್ಲಿ 5% ಹೋದರೆ 12 ಪ್ಲೇಟೋ (ನೂರು ಗ್ರಾಂ ವರ್ಟಿನಲ್ಲಿ 12 ಗ್ರಾಂ ಸಕ್ಕರೆಯಂಶ) ಇದ್ದದ್ದು 12.6ರ ಹತ್ತಿರ ಬರಬೇಕು. ಎಷ್ಟು ಲೀಟರ್ ಉಳಿಯಿತೆಂದು ಅಳತೆಕೋಲಿನಿಂದ ನೋಡುವವರು, ಕುದಿಯುವ ವರ್ಟ್ 20 ಡಿಗ್ರಿಗೆ ತಣಿದಾಗ ಸುಮಾರು 4% ಕುಗ್ಗುತ್ತದೆ ಎಂಬುದನ್ನು ದಯವಿಟ್ಟು ಮರೆಯಬಾರದು.

ಉಕ್ಕುವುದು ಬೇರೆಯೇ ಸಮಸ್ಯೆ. ಹಾಲು ಉಕ್ಕುವಂತೆ ಇದೂ ಕುದಿ ಹತ್ತುವ ಹೊತ್ತಿನಲ್ಲೇ, ಪ್ರೋಟೀನು ಇನ್ನೂ ಒಡೆದು ಗಟ್ಟಿಯಾಗುವ ಮೊದಲೇ ಆಗುತ್ತದೆ. ತಾಪಮಾನದ ಸೆನ್ಸರ್ ಕೆಲಸಕ್ಕೆ ಬರುವುದು ಇಲ್ಲಿ: 94 ಡಿಗ್ರಿ ದಾಟಿದೊಡನೆ ಸ್ಟೀಮನ್ನು ಅರ್ಧಕ್ಕೆ ಇಳಿಸಿ, ನೊರೆ ಇಳಿದ ಮೇಲೆ ಮೆಲ್ಲನೆ ಏರಿಸಿ. ಕೆಟಲಿನ ಮೇಲ್ಭಾಗದಲ್ಲಿ ನೊರೆ ತಗುಲಿದರೆ ವಾಲ್ವ್ ಮುಚ್ಚಿಸುವ ಒಂದು ಪ್ರೋಬ್ ಇರಲಿ, ಏಕೆಂದರೆ ಉಕ್ಕಿದ ವರ್ಟ್ ಮೈಮೇಲೆ ಬಿದ್ದರೆ ಕೆಲಸಗಾರನ ಚರ್ಮ ಸುಟ್ಟುಹೋಗುತ್ತದೆ.

ಸಮಯದ ವಿಷಯವನ್ನೂ ಹೇಳಬೇಕು. ಬಿಯರಿಗೆ ಬೇಯಿಸಿದ ಮೆಕ್ಕೆಜೋಳದ ವಾಸನೆ ತರುವ ಡಿಎಂಎಸ್, ಮಾಲ್ಟಿನಲ್ಲಿರುವ ಎಸ್‌ಎಂಎಂ ಎಂಬ ವಸ್ತು ಬಿಸಿಗೆ ಒಡೆದಾಗ ಹುಟ್ಟಿ, ಕುದಿಯ ಆವಿಯೊಡನೆ ಹೊರಹೋಗುತ್ತದೆ. 100 ಡಿಗ್ರಿಯಲ್ಲಿ 35–40 ನಿಮಿಷಕ್ಕೆ ಅರ್ಧವಾಗುವ ಎಸ್‌ಎಂಎಂ 97ರಲ್ಲಿ ಅರ್ಧವಾಗಲು 50 ನಿಮಿಷದಷ್ಟು ಹಿಡಿಯುತ್ತದೆ. ಸಮುದ್ರಮಟ್ಟದ ಊರಿನವರು ಬರೆದ 60 ನಿಮಿಷದ ಪಿಲ್ಸ್ನರ್ (ತಿಳಿ ಬಣ್ಣದ ಬಿಯರ್) ರೆಸಿಪಿಯನ್ನು ಇಲ್ಲಿ 80 ನಿಮಿಷಕ್ಕಾದರೂ ಒಯ್ಯಿರಿ, ಆವಿ ಹೊರಹೋಗುವ ಕೊಳವೆಯಲ್ಲಿ ತಣಿದ ಹನಿ ಮತ್ತೆ ಕೆಟಲಿಗೆ ಇಳಿಯದಂತೆ ನೋಡಿಕೊಳ್ಳಿ. ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವಿನ ಕಹಿಯೂ ಇಲ್ಲಿ ನಿಧಾನವಾಗಿಯೇ ವರ್ಟಿಗೆ ಬಿಡುತ್ತದೆ.

ಹೀಗೆ ಮಾಡಿದ ಮೇಲೆ ಪ್ರತಿ ಬ್ಯಾಚಿನಲ್ಲೂ ವಾಲ್ವ್ ಶೇಕಡಾ ಎಷ್ಟು ತೆರೆದಿತ್ತು ಎಂದು ಬರೆದಿಡಿ. ಬಾಯ್ಲರಿನ ಒತ್ತಡ ಒಂದೇ ಇದ್ದು, ಅದೇ ಹರಿವಿಗೆ ವಾಲ್ವ್ ವಾರದಿಂದ ವಾರಕ್ಕೆ ಹೆಚ್ಚು ತೆರೆಯುತ್ತಾ ಹೋದರೆ, ಕೆಟಲಿನ ಒಳಗೋಡೆಗೆ ಕಂದು ಪದರ ಕಟ್ಟಿದೆ ಅಥವಾ ಸ್ಟೀಮ್ ತಣಿದು ಆದ ನೀರನ್ನು ಹೊರಬಿಡುವ ಸ್ಟೀಮ್ ಟ್ರ್ಯಾಪ್ ಕಟ್ಟಿಕೊಂಡಿದೆ ಎಂದು ತಿಳಿದು, ಮೊದಲು ಟ್ರ್ಯಾಪ್ ಬಿಚ್ಚಿ ನೋಡಿ, ಆಮೇಲೆ ಕಾಸ್ಟಿಕ್ ಸೋಡಾ ಹಾಕಿ ಕೆಟಲ್ ತೊಳೆಯಿರಿ.