ಅಮ್ಮನ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತೆ ಅನ್ನೋದರ ಅಳತೆ) 2.9 ಬಂದಿದೆ, ರಿಪೋರ್ಟ್‌ನಲ್ಲಿ ‘ಹೈ’ ಅಂತ ಇದೆ. ಮಾತ್ರೆ ನಿಲ್ಲಿಸಬೇಕಾ?

ದಯವಿಟ್ಟು ನೀವಾಗಿಯೇ ನಿಲ್ಲಿಸಬೇಡಿ. ನಾನು ಲ್ಯಾಬ್ ಟೆಕ್ನೀಷಿಯನ್. ಆ ‘ಹೈ’ ನೋಡಿ ಗಾಬರಿಯಾಗಿ ಬರುವ ಮನೆಯವರನ್ನು ದಿನಾ ನೋಡ್ತೀನಿ.

ಅಮ್ಮನಿಗೆ ಹೃದಯದ ಮೈಟ್ರಲ್ ವಾಲ್ವ್ ತೆಗೆದು ಮೆಟಲ್ ವಾಲ್ವ್ ಹಾಕಿದ್ದಾರೆ, ರಕ್ತ ಬೇಗ ಹೆಪ್ಪುಗಟ್ಟದಂತೆ ತಡೆಯುವ ಅಸಿಟ್ರೋಮ್ ಮಾತ್ರೆ ತಗೊಳ್ತಿದ್ದಾರೆ, ಎಲ್ಲೂ ರಕ್ತ ಬರ್ತಿಲ್ಲ ಅಂತ ಬರೆದಿದ್ದೀರಿ. ಅಂಥವರಿಗೆ ಸಾಮಾನ್ಯವಾಗಿ ಇಡುವ ಗುರಿ 2.5ರಿಂದ 3.5. ಅಂದರೆ 2.9 ಅನ್ನೋದು ಇರಬೇಕಾದ ಕಡೆಯೇ ಇದೆ. ಆದರೂ ಡಿಸ್ಚಾರ್ಜ್ ಸಮರಿಯಲ್ಲಿ ಅವರಿಗೆ ಅಂತ ಎಷ್ಟು ಬರೆದಿದ್ದಾರೆ ನೋಡಿ, ಇಲ್ಲದಿದ್ದರೆ ಡಾಕ್ಟರಿಗೆ ಒಂದು ಫೋನ್ ಮಾಡಿ ಕೇಳಿ ಬರೆದಿಟ್ಟುಕೊಳ್ಳಿ. ಹೃದಯದ ಇನ್ನೊಂದು ವಾಲ್ವ್ ಆದ ಅಯೋರ್ಟಿಕ್ ವಾಲ್ವ್ ಬದಲಿಸಿದವರಿಗೆ, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದವರಿಗೆ ಹೆಚ್ಚಾಗಿ 2ರಿಂದ 3 ಸಾಕು. ಪಕ್ಕದ ಮನೆಯವರ ನಂಬರ್ ನಿಮಗೆ ಲೆಕ್ಕಕ್ಕೆ ಬರಲ್ಲ.

ಹಾಗಾದ್ರೆ ‘ಹೈ’ ಯಾಕೆ? ರಿಪೋರ್ಟ್‌ನ ಬಲಗಡೆ ಕಾಣುವ 0.8ರಿಂದ 1.2 ಈ ಮಾತ್ರೆ ತಗೊಳ್ಳದವರ ಅಳತೆ. ಅಮ್ಮ ಮಾತ್ರೆ ತಗೊಳ್ತಾರೆ ಅಂತ ಕಂಪ್ಯೂಟರಿಗೆ ಗೊತ್ತಿಲ್ಲ, 1.2 ದಾಟಿದ್ದಕ್ಕೆಲ್ಲ ದಪ್ಪಕ್ಷರ ಹಾಕುತ್ತೆ. ಅಮ್ಮನಿಗೆ 1.1 ಬಂದಿದ್ದರೆ ರಿಪೋರ್ಟ್ ‘ನಾರ್ಮಲ್’ ಅಂತಿತ್ತು, ಆದರೆ ಅದೇ ನಿಜವಾದ ಅಪಾಯ. ವಾಲ್ವ್ ಮೇಲೆ ರಕ್ತ ಹೆಪ್ಪುಗಟ್ಟಬಹುದು, ಚೂರು ಕಿತ್ತುಕೊಂಡು ಮೆದುಳಿಗೆ ಹೋದರೆ ಸ್ಟ್ರೋಕ್ ಆಗಬಹುದು.

ಇನ್ನು ಪಿಟಿ 34 ಸೆಕೆಂಡ್, ಕಂಟ್ರೋಲ್ 12 ಅಂತ ಕೇಳಿದ್ದೀರಲ್ಲ. ರಕ್ತದ ಪ್ಲಾಸ್ಮಾಗೆ ಒಂದು ರೀಏಜೆಂಟ್ (ಟೆಸ್ಟಿನ ರಾಸಾಯನಿಕ) ಹಾಕಿದಾಗ ಹೆಪ್ಪುಗಟ್ಟಲು ಹಿಡಿದ ಸಮಯ ಅದು. ಆರೋಗ್ಯವಂತರದ್ದು 12, ಅಮ್ಮನದು 34. ಒಂದೊಂದು ಕಂಪನಿಯ ರೀಏಜೆಂಟ್‌ನಲ್ಲಿ ಸೆಕೆಂಡ್ ಒಂದೊಂದು ಥರ ಬರುತ್ತೆ, ಅದಕ್ಕೇ ಎಲ್ಲ ಕಡೆ ಹೋಲಿಸೋಕೆ ಆಗಲಿ ಅಂತ ಐಎನ್‌ಆರ್ ಲೆಕ್ಕ ಹಾಕೋದು. ನೀವು ಸೆಕೆಂಡ್ ಬಿಡಿ, ಐಎನ್‌ಆರ್ ಮಾತ್ರ ನೋಡಿ.

ರಕ್ತ ತೆಗೆಯುವಾಗ ಒಂದು ವಿಷಯ ಗಮನಿಸಿ. ತಿಳಿನೀಲಿ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಸಿಟ್ರೇಟ್ ದ್ರವ ಮೊದಲೇ ಸ್ವಲ್ಪ ಇರುತ್ತೆ, ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಅಂತ. ಗೆರೆಯವರೆಗೆ ರಕ್ತ ತುಂಬಲೇಬೇಕು. ವಯಸ್ಸಾದವರ ನರ ಸಿಗದೆ ಅರ್ಧಕ್ಕೇ ನಿಲ್ಲಿಸಿದರೆ ಸಿಟ್ರೇಟ್ ಜಾಸ್ತಿಯಾಗಿ ಐಎನ್‌ಆರ್ ಸುಮ್ನೆ ಮೇಲೆ ಹೋಗುತ್ತೆ. ಟ್ಯೂಬ್ ತುಂಬಿಲ್ಲ ಅನಿಸಿದರೆ ಇನ್ನೊಮ್ಮೆ ತೆಗೆಯಿರಿ ಅಂತ ಧೈರ್ಯವಾಗಿ ಕೇಳಿ, ಅದು ನಿಮ್ಮ ಹಕ್ಕು.

ಸೊಪ್ಪು ಬಿಡಬೇಕಾ ಅಂದ್ರೆ, ಬೇಡ. ಪಾಲಕ್, ನುಗ್ಗೆಸೊಪ್ಪಿನಲ್ಲಿರುವ ವಿಟಮಿನ್ ಕೆ ಈ ಮಾತ್ರೆಯ ಕೆಲಸ ತಗ್ಗಿಸುತ್ತೆ ನಿಜ. ಆದರೆ ವಾರವಾರ ಹೆಚ್ಚುಕಡಿಮೆ ಅಷ್ಟೇ ತಿಂದರೆ ಡಾಕ್ಟರು ಅದಕ್ಕೆ ತಕ್ಕ ಡೋಸ್ ಇಡ್ತಾರೆ. ಒಂದು ವಾರ ದಿನಾ ಸೊಪ್ಪಿನ ಸಾರು, ಮುಂದಿನ ವಾರ ಏನೂ ಇಲ್ಲ ಅನ್ನೋದೇ ತೊಂದರೆ. ನನಗೆ ಅದಕ್ಕಿಂತ ಭಯ ಮೆಡಿಕಲ್ ಶಾಪ್‌ನಿಂದ ಕೇಳಿ ತರುವ ಮಾತ್ರೆಗಳದ್ದು. ಭೇದಿಗೆ ಅಂತ ಕೊಡುವ ಮೆಟ್ರೋನಿಡಜೋಲ್ ಐಎನ್‌ಆರ್ ಅನ್ನು ಜೋರಾಗಿ ಏರಿಸಬಹುದು. ಮಂಡಿನೋವಿನ ಡೈಕ್ಲೋಫೆನಾಕ್ ಇನ್ನೂ ಮೋಸ, ನಂಬರ್ ಸರಿಯಿದ್ದರೂ ಹೊಟ್ಟೆಯೊಳಗೆ ರಕ್ತ ಬರಿಸಬಹುದು. ಯಾವ ಹೊಸ ಮಾತ್ರೆ ಆದರೂ ಮೊದಲು ಡಾಕ್ಟರಿಗೆ ಹೇಳಿ.

ಮಲ ಟಾರಿನಂತೆ ಕಪ್ಪಾದರೆ, ಮೂತ್ರ ಕೆಂಪಾದರೆ, ಮೂಗಿನ ರಕ್ತ ನಿಲ್ಲದಿದ್ದರೆ, ಬಿದ್ದು ತಲೆಗೆ ಪೆಟ್ಟಾದರೆ ರಿಪೋರ್ಟ್‌ಗೆ ಕಾಯದೆ ಆಸ್ಪತ್ರೆಗೆ ಹೋಗಿ. ಮಾತು ತೊದಲಿದರೆ, ಒಂದು ಕೈ ಸೋತರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ಆಗಲೂ ಅಷ್ಟೇ.

ಮುಂದಿನ ತಿಂಗಳು ಹಲ್ಲು ಕೀಳಿಸಬೇಕು, ಬಿಟಿ-ಸಿಟಿ (ರಕ್ತ ನಿಲ್ಲಲು, ಹೆಪ್ಪುಗಟ್ಟಲು ಹಿಡಿಯುವ ಸಮಯದ ಟೆಸ್ಟ್) ಮಾಡಿಸಿದರೆ ಸಾಕಾ ಅಂತಲೂ ಕೇಳಿದ್ದೀರಿ. ಸಾಲದು. ಬೆರಳು ಚುಚ್ಚಿ ಮಾಡುವ ಆ ಟೆಸ್ಟ್ ಅಸಿಟ್ರೋಮ್ ಎಷ್ಟು ಕೆಲಸ ಮಾಡ್ತಿದೆ ಅಂತ ಹೇಳಲ್ಲ. ಹಲ್ಲು ಕೀಳಿಸುವ ಹಿಂದಿನ ದಿನ ಐಎನ್‌ಆರ್ ಮಾಡಿಸಿ, ಆ ರಿಪೋರ್ಟನ್ನು ಹಲ್ಲಿನ ಡಾಕ್ಟರಿಗೂ ಹೃದಯದ ಡಾಕ್ಟರಿಗೂ ತೋರಿಸಿ.