ರೋಗಿಗಳ ನೋವು ಮನೆಯವರೆಗೂ ಬೆನ್ನು ಹತ್ತಿ ಬರುತ್ತಿದೆ, ಅಳು ಬರುತ್ತಿದೆ. ಏನೂ ತಟ್ಟದಂತೆ ಮನಸ್ಸನ್ನು ಗಟ್ಟಿ ಮಾಡಿಕೊಳ್ಳಲು ಮೈಂಡ್‌ಫುಲ್‌ನೆಸ್ ನೆರವಾಗುತ್ತದೆಯೇ, ಅಥವಾ ನರ್ಸ್ ಕೆಲಸವನ್ನೇ ಬಿಡಬೇಕೇ?

"ಏನೂ ತಟ್ಟದಂತೆ" ಎಂದು ಬರೆದಿದ್ದೀರಿ. ಹನ್ನೊಂದು ವರ್ಷಗಳ ಹಿಂದೆ ನಾನು ಬಯಸಿದ್ದೂ ಅದನ್ನೇ, ಮತ್ತು ಅದು ನನಗೆ ಸಿಕ್ಕಿತು ಕೂಡ. ಆದುದರಿಂದಲೇ ಈ ಉತ್ತರವನ್ನು ಬರೆಯುತ್ತಿದ್ದೇನೆ.

ಆಗ ನಾನು ತೀವ್ರ ನಿಗಾ ಘಟಕದಲ್ಲಿ ಆರನೆಯ ವರ್ಷದಲ್ಲಿದ್ದೆ. ಪಾಳಿ ಮುಗಿಸಿ ಮನೆಗೆ ಬಂದು ಮಲಗಿದರೂ ವೆಂಟಿಲೇಟರಿನ ಎಚ್ಚರಿಕೆಯ ಸದ್ದು ಕಿವಿಯಲ್ಲೇ ಇರುತ್ತಿತ್ತು, ಸ್ನಾನಕ್ಕೆ ನಿಂತರೆ ಅಳು ಬರುತ್ತಿತ್ತು. ಹಿರಿಯ ಸಹೋದ್ಯೋಗಿಗಳು ಗಟ್ಟಿಯಾಗಬೇಕು ಎಂದರು. ಹೇಗೆ ಎಂಬುದನ್ನು ಯಾರೂ ಹೇಳಲಿಲ್ಲ. ಕೊನೆಗೆ ಎಂಟು ವಾರಗಳ ಒಂದು ಮೈಂಡ್‌ಫುಲ್‌ನೆಸ್ ತರಬೇತಿಗೆ ಸೇರಿದೆ. ಜಾನ್ ಕಬಟ್-ಝಿನ್ ಅವರು 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ, ದೀರ್ಘಕಾಲದ ನೋವಿನಿಂದ ಬಳಲುತ್ತಿದ್ದ ರೋಗಿಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು ಆರಂಭಿಸಿದ ಕ್ರಮವನ್ನು ಅನುಸರಿಸಿದ ತರಬೇತಿ ಅದು. ಇದ್ದದ್ದನ್ನು ಇದ್ದ ಹಾಗೆ ಗಮನಿಸುವುದನ್ನು ಇಲ್ಲಿ ಕಲಿಯುತ್ತೀರಿ, ನೋವನ್ನು ಓಡಿಸುವುದನ್ನಲ್ಲ ಎಂದು ಕಲಿಸುವವರು ಮೊದಲ ದಿನವೇ ಹೇಳಿದ್ದರು. ನಾನು ಅದನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ, ಆದರೆ ವಾರ್ಡಿಗೆ ಹೋಗಿ ಅದಕ್ಕೆ ತೀರಾ ವಿರುದ್ಧವಾದುದನ್ನು ಮಾಡಿದೆ.

ಆ ತಪ್ಪನ್ನು ವಿವರವಾಗಿಯೇ ಹೇಳಬೇಕಾಗಿದೆ, ಏಕೆಂದರೆ ಹೊರಗಿನಿಂದ ನೋಡುವವರಿಗೆ ಅದು ತಪ್ಪಿನಂತೆ ಕಾಣುವುದೇ ಇಲ್ಲ. ಪ್ರತಿ ಹಾಸಿಗೆಯ ಬಳಿ ಹೋಗುವ ಮೊದಲು ಪರದೆಯ ಹೊರಗೆ ನಿಂತು ಹತ್ತು ಉಸಿರುಗಳನ್ನು ಎಣಿಸುತ್ತಿದ್ದೆ. ಒಳಗೆ ಹೋದ ಮೇಲೆ ರೋಗಿ ನರಳಿದರೆ, ಮನೆಯವರು ಅತ್ತರೆ, ಆ ಕ್ಷಣವೇ ಗಮನವನ್ನು ಮೂಗಿನ ತುದಿಗೆ ಎಳೆದು ತಂದು ಮತ್ತೆ ಎಣಿಸತೊಡಗುತ್ತಿದ್ದೆ. ಉಸಿರನ್ನು ಎಣಿಸುವುದು ತಪ್ಪಲ್ಲ. ಒಳಗೆ ಹೋಗುವ ಮುನ್ನ ಒಂದು ಕ್ಷಣ ನಿಲ್ಲುವುದಂತೂ ಒಳ್ಳೆಯದೇ. ಆದರೆ ಮೊದಲು ಎದೆ ಬಿಗಿಯುತ್ತಿದೆ, ಗಂಟಲು ಕಟ್ಟುತ್ತಿದೆ, ಇದು ದುಃಖ ಎಂದು ಗುರುತಿಸಬೇಕು. ಅದು ಅಲ್ಲಿರಲು ಬಿಡಬೇಕು. ಆಮೇಲೆ ಅದರೊಂದಿಗೇ ಉಸಿರಿಗೆ ಮರಳಬೇಕು. ನಾನು ಮೊದಲ ಎರಡು ಹೆಜ್ಜೆಗಳನ್ನು ಹಾರಿ ನೇರವಾಗಿ ಮೂರನೆಯದಕ್ಕೆ ಹೋಗುತ್ತಿದ್ದೆ, ಅಂದರೆ ದುಃಖಕ್ಕೆ ಹೆಸರು ಸಿಗುವ ಮೊದಲೇ ಅಲ್ಲಿಂದ ಎದ್ದು ಹೋಗುತ್ತಿದ್ದೆ. ದಿನಕ್ಕೆ ಹತ್ತಾರು ಸಲ, ತಿಂಗಳುಗಟ್ಟಲೆ ಇದನ್ನೇ ಮಾಡಿದರೆ ಮನಸ್ಸು ಅದನ್ನು ಕಲಿತುಬಿಡುತ್ತದೆ. ಐದನೆಯ ತಿಂಗಳ ಹೊತ್ತಿಗೆ ಎಣಿಸುವ ಅಗತ್ಯವೇ ಬೀಳುತ್ತಿರಲಿಲ್ಲ. ಅಳು ನಿಂತಿತು, ನಿದ್ದೆ ಬರತೊಡಗಿತು, ನಿನ್ನಷ್ಟು ಸಮಾಧಾನದವರು ಈ ಘಟಕದಲ್ಲಿ ಯಾರೂ ಇಲ್ಲ ಎಂದು ಮೇಲ್ವಿಚಾರಕಿ ಹೇಳಿದರು. ನಾನು ಹೆಚ್ಚುವರಿ ಪಾಳಿಗಳನ್ನೂ ಒಪ್ಪಿಕೊಳ್ಳತೊಡಗಿದೆ.

ಒಂದು ಬೆಳಗಿನ ಜಾವ ತರುಣನೊಬ್ಬ ತೀರಿಕೊಂಡ. ಅವನ ತಾಯಿ ನನ್ನ ಬಳಿ ಬಂದು, "ಸಿಸ್ಟರ್, ಕೊನೆಗೆ ಅವನಿಗೆ ನೋವಾಯಿತೇ?" ಎಂದು ಕೇಳಿದರು. ಇಲ್ಲ ಎಂದೆ. ಸ್ವಲ್ಪ ಹೊತ್ತಿನ ನಂತರ ಮತ್ತೆ ಬಂದು ಅದನ್ನೇ ಕೇಳಿದರು. ನೋವು ನಿವಾರಕ ಎಷ್ಟು ಹೊತ್ತಿಗೆ ಎಷ್ಟು ಕೊಡಲಾಗಿತ್ತು ಎಂದು ವಿವರಿಸಿದೆ. ಮೂರನೆಯ ಸಲ ಕೇಳಿದಾಗ, ದನಿ ಏರಿಸದೆ, ಮುಖ ಸಿಂಡರಿಸದೆ, "ಅದನ್ನು ಆಗಲೇ ಹೇಳಿದ್ದೇನಲ್ಲ, ಅಮ್ಮ" ಎಂದೆ. ಅವರು ತಲೆಯಾಡಿಸಿ ಹಿಂದಕ್ಕೆ ಸರಿದರು. ಮತ್ತೆ ಕೇಳಲಿಲ್ಲ. ಅವರಿಗೆ ಬೇಕಾಗಿದ್ದುದು ಔಷಧದ ಲೆಕ್ಕವಲ್ಲ, ಆ ರಾತ್ರಿ ಮಗನ ಪಕ್ಕದಲ್ಲಿದ್ದ ಒಬ್ಬರ ಬಾಯಿಂದ ಅವನ ಬಗ್ಗೆ ಎರಡು ಮಾತು ಎಂಬುದು ನನಗೆ ಹೊಳೆದದ್ದು ವಾರಗಳ ನಂತರ. ಆಗಲೂ ಅದು ಹೊಳೆಯಿತೇ ಹೊರತು, ಏನೂ ಅನ್ನಿಸಲಿಲ್ಲ. ಅದರ ಮುಂದಿನ ತಿಂಗಳು ನನ್ನ ಸ್ವಂತ ತಂದೆ ಆಸ್ಪತ್ರೆ ಸೇರಿದಾಗಲೂ ಏನೂ ಅನ್ನಿಸದೆ ಹೋಯಿತು. ಆಗ ಹೆದರಿ ವೈದ್ಯರನ್ನು ಕಂಡೆ. ಎಂಟು ತಿಂಗಳು ಕೆಲಸದಿಂದ ಹೊರಗಿದ್ದೆ.

ಮನಶ್ಶಾಸ್ತ್ರಜ್ಞೆ ಕ್ರಿಸ್ಟಿನಾ ಮಾಸ್ಲಾಕ್ ಅವರು ಬರ್ನ್‌ಔಟ್‌ನಲ್ಲಿ, ಅಂದರೆ ಕೆಲಸದ ಒತ್ತಡದಿಂದ ಬಸವಳಿದು ಹೋಗುವ ಸ್ಥಿತಿಯಲ್ಲಿ, ಮೂರು ಮುಖಗಳನ್ನು ಗುರುತಿಸಿದ್ದಾರೆ: ಭಾವನಾತ್ಮಕವಾಗಿ ಬರಿದಾಗುವುದು, ಎದುರಿಗಿರುವವರನ್ನು ವ್ಯಕ್ತಿಗಳಾಗಿ ಕಾಣದೆ ಹೋಗುವುದು, ತನ್ನ ಕೆಲಸದಿಂದ ಏನೂ ಆಗುತ್ತಿಲ್ಲ ಎನ್ನಿಸುವುದು. ನಾನು ಮೊದಲನೆಯದಕ್ಕೆ ಮದ್ದು ಎಂದು ತಿಳಿದು ಎರಡನೆಯದನ್ನು ಬೆಳೆಸಿಕೊಂಡಿದ್ದೆ. ನಿಮಗೆ ಈಗ ಅಳು ಬರುತ್ತಿದೆ ಎಂದರೆ, ಆ ಎರಡನೆಯ ಮುಖ ಇನ್ನೂ ನಿಮ್ಮೊಳಗೆ ನೆಲೆಯೂರಿಲ್ಲವೆಂದೇ ನನಗೆ ಅನ್ನಿಸುತ್ತದೆ. ಹಾಗಾಗಿ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಏನೂ ತಟ್ಟದ ನರ್ಸ್ ಗಟ್ಟಿಗಿತ್ತಿಯಲ್ಲ, ಕಾಯಿಲೆ ಬಿದ್ದವಳು.

ಹಾಗೆಂದು ಎಲ್ಲರ ನೋವನ್ನೂ ಹೊತ್ತು ತಿರುಗಿ ಎಂದೂ ಹೇಳುತ್ತಿಲ್ಲ. ಓಲ್ಗಾ ಕ್ಲಿಮೆಕಿ, ಟಾನಿಯಾ ಸಿಂಗರ್ ಮತ್ತು ಅವರ ಸಹೋದ್ಯೋಗಿಗಳು 2014ರಲ್ಲಿ ಮುದ್ರಿತವಾದ ಅಧ್ಯಯನದಲ್ಲಿ, ಪರರ ನೋವನ್ನು ತಾವೂ ಅನುಭವಿಸುವ ಅಭ್ಯಾಸವನ್ನೂ, ನೋವಿನಲ್ಲಿರುವವರಿಗೆ ಒಳಿತನ್ನು ಹಾರೈಸುವ ಕರುಣೆಯ ಅಭ್ಯಾಸವನ್ನೂ ಬೇರೆ ಬೇರೆಯಾಗಿ ಕಲಿಸಿ ನೋಡಿದರು. ಮೊದಲನೆಯದು ಸಂಕಟವನ್ನು ಹೆಚ್ಚಿಸಿತು. ಎರಡನೆಯದನ್ನು ಕಲಿತ ಮೇಲೆ ಹಿತವಾದ ಭಾವನೆಗಳು ಹೆಚ್ಚಿದವು, ಮಿದುಳಿನಲ್ಲಿ ಚುರುಕಾದ ಭಾಗಗಳೂ ಬೇರೆಯಾಗಿದ್ದವು. ನಾನು ಮರಳಿ ಕೆಲಸಕ್ಕೆ ಸೇರಿದ ಮೇಲೆ ಬದಲಿಸಿಕೊಂಡದ್ದು ಇಷ್ಟನ್ನೇ: ಪರದೆಯ ಹೊರಗೆ ಈಗಲೂ ನಿಲ್ಲುತ್ತೇನೆ, ಆದರೆ ಎಣಿಸುವುದಿಲ್ಲ. ಅಂಗಾಲು ನೆಲಕ್ಕೆ ತಾಗಿರುವುದನ್ನು ಗಮನಿಸಿ, ಒಳಗಿರುವವರ ಹೆಸರನ್ನು ಮನಸ್ಸಿನಲ್ಲೇ ಹೇಳಿಕೊಂಡು, ಇವರಿಗೆ ಈ ಹೊತ್ತು ಸ್ವಲ್ಪ ಹಗುರವಾಗಲಿ ಎಂದು ಹಾರೈಸಿ ಒಳಗೆ ಹೋಗುತ್ತೇನೆ.

ಸಾವು ಸಂಭವಿಸಿದಾಗ ಮತ್ತೊಂದು ಕ್ರಮವಿದೆ. ವರ್ಜೀನಿಯಾ ವಿಶ್ವವಿದ್ಯಾಲಯದ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನರ್ಸ್ ಆಗಿದ್ದ ಜೊನಾಥನ್ ಬಾರ್ಟೆಲ್ಸ್, ಜೀವ ಉಳಿಸುವ ಪ್ರಯತ್ನ ಕೈಗೂಡದಿದ್ದಾಗ ಅಲ್ಲಿರುವವರೆಲ್ಲರೂ ಹೋದವರನ್ನೂ ತಾವು ಪಟ್ಟ ಶ್ರಮವನ್ನೂ ನೆನೆದು ಸುಮಾರು ಒಂದು ನಿಮಿಷ ಮೌನವಾಗಿ ನಿಲ್ಲುವ ರೂಢಿಯನ್ನು ತಂದರು. ನಮ್ಮ ಘಟಕದಲ್ಲಿ ಅದನ್ನು ಆರಂಭಿಸಿದಾಗ ಇಬ್ಬರು ವೈದ್ಯರು ಹಿಂಜರಿದರು, ಈಗ ನೆನಪಿಸುವವರು ಅವರೇ.

ಕೆಲಸ ಬಿಡಬೇಕೇ ಎಂಬುದಕ್ಕೆ ನನ್ನ ಬಳಿ ಉತ್ತರವಿಲ್ಲ. ಬಿಟ್ಟು ಚೆನ್ನಾಗಿರುವವರನ್ನೂ ಬಲ್ಲೆ. ಆದರೆ ಒಬ್ಬೊಬ್ಬರೇ ಎಷ್ಟು ರೋಗಿಗಳನ್ನು ನೋಡಿಕೊಳ್ಳುತ್ತೀರಿ, ವಾರದಲ್ಲಿ ಎಷ್ಟು ರಾತ್ರಿ ಪಾಳಿ ಎಂಬುದನ್ನು ನೀವು ಬರೆದೇ ಇಲ್ಲ, ಎಲ್ಲವೂ ನಿಮ್ಮ ಮನಸ್ಸಿನ ದೌರ್ಬಲ್ಯ ಎಂಬಂತೆ ಬರೆದಿದ್ದೀರಿ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಒಪ್ಪಿತವಾದ ತನ್ನ ರೋಗಗಳ ವರ್ಗೀಕರಣದಲ್ಲಿ ಬರ್ನ್‌ಔಟನ್ನು ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನವೆಂದೇ ಸೇರಿಸಿದೆ. ಪಾಳಿಪಟ್ಟಿಯ ತಪ್ಪನ್ನು ಉಸಿರಿನಿಂದ ಸರಿಪಡಿಸಲಾಗದು. ಆದುದರಿಂದ ಯಾವ ತರಬೇತಿಗೂ ಸೇರುವ ಮೊದಲು, ಕಳೆದ ಎರಡು ತಿಂಗಳ ನಿಮ್ಮ ಪಾಳಿಗಳನ್ನು ಒಂದು ಹಾಳೆಯಲ್ಲಿ ಬರೆದು, ರಜೆಯಿಲ್ಲದೆ ದುಡಿದ ದಿನಗಳಿಗೆ ಗುರುತು ಹಾಕಿ, ಆ ಹಾಳೆಯನ್ನು ಹಿಡಿದುಕೊಂಡೇ ನಿಮ್ಮ ಮೇಲ್ವಿಚಾರಕರೊಂದಿಗೆ ಮಾತನಾಡಿ. ಅಳು ಬರುವ ವಿಷಯವನ್ನೂ ಅವರಿಗೆ ಹೇಳಿ. ನಾನು ಆರನೆಯ ವರ್ಷದಲ್ಲಿ ಅದನ್ನು ಯಾರಿಗೂ ಹೇಳಿರಲಿಲ್ಲ.