ಹಳೆಯ ಬೈಕಿಗೆ ಹೊಸ ಆಯಿಲ್ ಪೈಪ್: ಓದುಗರ ಪ್ರಶ್ನೆ, ತಜ್ಞರ ಉತ್ತರ

ತಾತ ಸೇನೆಯ ಹರಾಜಿನಲ್ಲಿ ಕೊಂಡಿದ್ದ ಬಿಎಸ್‌ಎ ಎಂ20 ಎಂಬ ಬ್ರಿಟಿಷ್ ಬೈಕನ್ನು ಮತ್ತೆ ಓಡಿಸುವ ಆಸೆ. ಆಯಿಲ್ ಟ್ಯಾಂಕಿನಿಂದ ಎಂಜಿನ್ನಿಗೆ ಹೋಗುವ ಎರಡೂ ಪೈಪ್‌ಗಳು ತುಕ್ಕು ಹಿಡಿದಿದ್ದವು. ಮೆಕ್ಯಾನಿಕ್ ಅವುಗಳ ಜಾಗಕ್ಕೆ ಪಾರದರ್ಶಕ ಪೆಟ್ರೋಲ್ ಟ್ಯೂಬ್ ಹಾಕಿದ್ದಾರೆ. ಇದು ಸಾಕೇ? ಇಲ್ಲದಿದ್ದರೆ ಎಂಥ ಪೈಪ್ ಮಾಡಿಸಬೇಕು?
– ಓದುಗರೊಬ್ಬರು, ಹಾಸನ

ಸಾಲದು. ಆ ಟ್ಯೂಬನ್ನು ತೆಗೆಯುವವರೆಗೆ ಬೈಕನ್ನು ಸ್ಟಾರ್ಟ್ ಮಾಡಬೇಡಿ. ಬಿಸಿ ಎಣ್ಣೆ ತಗುಲಿದಾಗ ಪಿವಿಸಿ ಟ್ಯೂಬ್ ಮೊದಲು ಮೆತ್ತಗಾಗುತ್ತದೆ, ಕೆಲವು ತಿಂಗಳಲ್ಲಿ ಕಡ್ಡಿಯಂತೆ ಗಟ್ಟಿಯಾಗಿ ತುದಿಯಲ್ಲಿ ಸೀಳುತ್ತದೆ. ಮೆತ್ತಗಾದ ಹೊತ್ತಿನಲ್ಲಿ ತಿರುವಿನ ಬಳಿ ಚಪ್ಪಟೆಯಾಗಿ ಎಣ್ಣೆಯ ದಾರಿಯನ್ನು ಕಟ್ಟಿಹಾಕುವುದು ಇನ್ನೂ ದೊಡ್ಡ ಅಪಾಯ.

ಎಂ20 ಎಂಜಿನ್ 496 ಸಿಸಿಯ ಸೈಡ್‌ವಾಲ್ವ್. ವಾಲ್ವ್‌ಗಳು ಸಿಲಿಂಡರಿನ ಪಕ್ಕದಲ್ಲೇ ಇರುವುದರಿಂದ ತಲೆಯ ಮೇಲೆ ರಾಕರ್ (ವಾಲ್ವನ್ನು ಒತ್ತಿ ತೆರೆಯುವ ಸನ್ನೆ) ಇಲ್ಲ, ರಾಕರ್‌ಗೆ ಎಣ್ಣೆ ಒಯ್ಯುವ ಮೂರನೆಯ ಪೈಪೂ ಬೇಕಿಲ್ಲ. ನಿಮ್ಮ ಕೆಲಸ ಎರಡೇ ಪೈಪ್‌ಗಳದು. ಬಲಗಡೆಯ ಟ್ಯಾಂಕಿನ ತಳದಿಂದ ಪಂಪ್‌ಗೆ ಇಳಿಯುವುದು ಫೀಡ್ ಪೈಪ್. ಎಂಜಿನ್ನಿನ ತಳಕ್ಕೆ ಸುರಿದ ಎಣ್ಣೆಯನ್ನು ಪಂಪಿನ ಇನ್ನೊಂದು ಜೋಡಿ ಹಲ್ಲುಗಾಲಿಗಳು ಎತ್ತಿ ಟ್ಯಾಂಕಿಗೆ ಕಳಿಸುವ ದಾರಿ ರಿಟರ್ನ್ ಪೈಪ್. ರಿಟರ್ನ್ ಪೈಪ್ ಸೋರಿದರೆ ನೆಲ ಕೊಳಕಾಗುತ್ತದೆ, ಟ್ಯಾಂಕ್ ಬರಿದಾಗುವ ಮೊದಲೇ ನಿಮಗೆ ಗೊತ್ತಾಗುತ್ತದೆ. ಫೀಡ್ ಪೈಪ್ ಹಾಗಲ್ಲ. ಅಲ್ಲಿ ಪಂಪ್ ಎಣ್ಣೆಯನ್ನು ತಳ್ಳುವುದಿಲ್ಲ, ಎಳೆದುಕೊಳ್ಳುತ್ತದೆ. ಅಲ್ಲಿ ಅಡಚಣೆಯಾದರೆ ಹೊರಗೆ ಒಂದು ಹನಿಯೂ ಕಾಣುವುದಿಲ್ಲ, ಒಳಗೆ ಪಿಸ್ಟನ್ನಿನ ರಾಡ್ ಕ್ರ್ಯಾಂಕಿಗೆ ಸೇರುವ ಕಡೆಯ ಬಿಗ್ ಎಂಡ್ ಬೇರಿಂಗ್ ಒಣಗುತ್ತಿರುತ್ತದೆ. ಹಣವನ್ನೂ ಗಮನವನ್ನೂ ಹೆಚ್ಚು ಕೊಡಬೇಕಾದದ್ದು ಈ ಪೈಪಿಗೆ.

ಮೊದಲ ನಿಯಮ, ಒಳವ್ಯಾಸವನ್ನು ಕಿರಿದು ಮಾಡಬಾರದು. ಬ್ರಿಟಿಷ್ ಬೈಕುಗಳಲ್ಲಿ 5/16 ಅಂಗುಲ (8 ಮಿ.ಮೀ.) ಮತ್ತು 3/8 ಅಂಗುಲ (9.5 ಮಿ.ಮೀ.) ಅಳತೆಗಳು ಹೆಚ್ಚಾಗಿ ಕಾಣುತ್ತವೆ. ಊಹಿಸಬೇಡಿ, ಹಳೆಯ ಪೈಪಿನ ತುಂಡನ್ನೇ ವರ್ನಿಯರ್‌ನಲ್ಲಿ ಅಳೆಯಿರಿ. ಕೊಳವೆಯಲ್ಲಿ ಹರಿಯುವ ಎಣ್ಣೆಯ ಪ್ರಮಾಣ ಒಳವ್ಯಾಸದ ನಾಲ್ಕನೆಯ ಘಾತಕ್ಕೆ ಹೊಂದಿಕೊಂಡಿರುತ್ತದೆ. 8 ಮಿ.ಮೀ. ಇರುವಲ್ಲಿ 6 ಮಿ.ಮೀ. ಪೈಪ್ ಹಾಕಿದರೆ, ಅದೇ ಒತ್ತಡದಲ್ಲಿ ಮೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ ಎಣ್ಣೆ ಇಳಿಯುತ್ತದೆ. ಚಳಿಗಾಲದ ಬೆಳಗ್ಗೆ ದಪ್ಪ ಎಣ್ಣೆ ಇನ್ನೂ ತಣ್ಣಗಿರುವಾಗ ಇದು ಎಂಜಿನ್ನಿನ ಪ್ರಾಣದ ಪ್ರಶ್ನೆ. ಜೆಸಿಬಿಗಳಿಗೆ ಹೋಸ್ ಮಾಡಿಕೊಡುವ ಹೈಡ್ರಾಲಿಕ್ ಅಂಗಡಿಗಳಲ್ಲಿ ಪೈಪ್ ಮಾಡಿಸುವವರೂ ಇದನ್ನು ಗಮನಿಸಬೇಕು. ಅವರ ಹೋಸ್ ಗಟ್ಟಿಮುಟ್ಟಾದದ್ದೇ, ಆದರೆ ತುದಿಗೆ ಒತ್ತಿ ಕೂರಿಸುವ ಫಿಟಿಂಗ್‌ನ ರಂಧ್ರ ಹೋಸಿನ ರಂಧ್ರಕ್ಕಿಂತ ಚಿಕ್ಕದಾಗಿರುತ್ತದೆ. ಅಳೆಯಬೇಕಾದದ್ದು ಆ ಚಿಕ್ಕ ರಂಧ್ರವನ್ನು.

ಎರಡನೆಯದು ರಬ್ಬರಿನ ಜಾತಿ. ನೋಡುವುದಕ್ಕೆ ಎಲ್ಲ ಕಪ್ಪು ಹೋಸ್‌ಗಳೂ ಒಂದೇ, ಗುಣ ಮಾತ್ರ ಬೇರೆ ಬೇರೆ. ಕಾರಿನ ರೇಡಿಯೇಟರ್ ಹೋಸ್‌ಗಳು ಸಾಮಾನ್ಯವಾಗಿ ಇಪಿಡಿಎಂ ಎಂಬ ರಬ್ಬರಿನವು. ನೀರಿಗೆ ಉತ್ತಮ, ಎಂಜಿನ್ ಎಣ್ಣೆ ತಗುಲಿದರೆ ಊದಿಕೊಂಡು ಕೊಳೆಯುತ್ತವೆ. ಬಣ್ಣಬಣ್ಣದ ಸಿಲಿಕೋನ್ ಕೂಲಂಟ್ ಹೋಸ್ ಕೂಡ ಎಣ್ಣೆಗೆ ತಕ್ಕದ್ದಲ್ಲ. ನಿಮಗೆ ಬೇಕಾದದ್ದು ಒಳಪದರ ನೈಟ್ರೈಲ್ ರಬ್ಬರ್ ಆಗಿರುವ, ನಡುವೆ ನೂಲಿನ ಹೆಣಿಗೆ ಇರುವ ಎಣ್ಣೆ ಅಥವಾ ಇಂಧನದ ಹೋಸ್. ಮೈಮೇಲೆ ‘ಎಸ್‌ಎಇ ಜೆ30 ಆರ್7’ ಎಂಬ ಮುದ್ರೆ ಇದ್ದರೆ ಧೈರ್ಯವಾಗಿ ಕೊಳ್ಳಬಹುದು. ಸುಮಾರು 100 ಡಿಗ್ರಿ ಸೆಲ್ಸಿಯಸ್‌ವರೆಗಿನ ಎಣ್ಣೆಯನ್ನು ನೈಟ್ರೈಲ್ ಕಷ್ಟವಿಲ್ಲದೆ ತಾಳಿಕೊಳ್ಳುತ್ತದೆ. ಎಂ20ಯಲ್ಲಿ ಸೈಲೆನ್ಸರ್ ಪೈಪೂ ಬಲಗಡೆಯೇ ಹಾದುಹೋಗುವುದರಿಂದ ಹೋಸ್ ಅದಕ್ಕೆ ತಾಗದಂತೆ ದಾರಿ ಮಾಡಿ.

ಹಳೆಯ ರೂಪ ಉಳಿಯಬೇಕೆಂದರೆ ಲೋಹದ ಪೈಪನ್ನೇ ಮಾಡಿಸಿ, ಮಧ್ಯದಲ್ಲಿ ಎರಡು ಮೂರು ಅಂಗುಲದ ಹೋಸ್ ತುಂಡು ಸೇರಿಸಿ. ಟ್ಯಾಂಕ್ ಇರುವುದು ಚೌಕಟ್ಟಿನ ಮೇಲೆ, ಎಂಜಿನ್ ತನ್ನಷ್ಟಕ್ಕೆ ನಡುಗುತ್ತಿರುತ್ತದೆ. ಎರಡರ ನಡುವೆ ಬಿಗಿಯಾದ ಲೋಹ ಮಾತ್ರ ಇದ್ದರೆ ಅದು ಇಂದಲ್ಲ ನಾಳೆ ಬಿರಿಯುತ್ತದೆ. ಹೋಸನ್ನು ಗರಗಸದಿಂದ ಕೊಯ್ಯಬೇಡಿ. ರಬ್ಬರಿನ ಪುಡಿ ಒಳಗೇ ಉಳಿದು ಪಂಪಿಗೆ ಇಳಿಯುತ್ತದೆ. ಹೊಸ ಬ್ಲೇಡಿಗೆ ಎಣ್ಣೆ ಸವರಿ ಒಂದೇ ಬಾರಿಗೆ ಕತ್ತರಿಸಿ, ಗಾಳಿ ಊದಿ ಸ್ವಚ್ಛ ಮಾಡಿ. ಕ್ಲಾಂಪ್ ಕೊಳ್ಳುವಾಗ ಅಂಚು ಮಡಚಿರುವುದನ್ನು, ಒಳಮೈ ನುಣುಪಾಗಿರುವುದನ್ನು ಆರಿಸಿ. ಪಟ್ಟಿಯಲ್ಲಿ ಸೀಳು ಕೊರೆದಿರುವ ಅಗ್ಗದ ಕ್ಲಾಂಪ್ ರಬ್ಬರನ್ನು ಕಚ್ಚಿ ತಿನ್ನುತ್ತದೆ.

ನನ್ನದು ಕಾಸ್ಟ್ ಐರನ್ ಎಂಜಿನ್ನಿನ ಹಳೆಯ ಬುಲೆಟ್ 350. ರಾಕರ್‌ಗೆ ಎಣ್ಣೆ ಒಯ್ಯುವ ಪೈಪನ್ನು ತಾಮ್ರದಲ್ಲಿ ಮಾಡಿಸಿದೆ. ಬ್ಯಾಂಜೊ (ಟೊಳ್ಳು ಬೋಲ್ಟ್ ತೂರಿಸುವ, ಪೈಪಿನ ತುದಿಯ ಉಂಗುರ) ಸೇರುವ ಜಾಗದಲ್ಲೇ ಮತ್ತೆ ಮತ್ತೆ ಬಿರುಕು ಬಿಡುತ್ತಿದೆ. ತಾಮ್ರವೇ ತಪ್ಪು ಆಯ್ಕೆಯೇ?
– ಓದುಗರೊಬ್ಬರು, ಶಿವಮೊಗ್ಗ

ತಾಮ್ರದ್ದು ತಪ್ಪಿಲ್ಲ, ಅದನ್ನು ನಡೆಸಿಕೊಂಡ ರೀತಿಯಲ್ಲಿ ತಪ್ಪಿದೆ. ತಾಮ್ರವನ್ನು ಬಗ್ಗಿಸಿದಷ್ಟೂ, ನಡುಗಿಸಿದಷ್ಟೂ ಅದು ಗಡಸಾಗುತ್ತದೆ. ಗಡಸಾದ ತಾಮ್ರ ಬಿರಿಯುವುದು ಬೆಸುಗೆಯ ಅಂಚಿನಲ್ಲೇ. ಬುಲೆಟ್‌ನಲ್ಲಿ ಎಣ್ಣೆಗೆ ಬೇರೆ ಟ್ಯಾಂಕ್ ಇಲ್ಲ, ಅದು ಎಂಜಿನ್ನಿನ ಕೆಳಗಿನ ಪೆಟ್ಟಿಗೆಯಾದ ಕ್ರ್ಯಾಂಕ್‌ಕೇಸಿನೊಳಗಿನ ಒಂದು ಕೋಣೆಯಲ್ಲೇ ಇರುತ್ತದೆ. ಹೊರಗೆ ಕಾಣುವುದು ಕೆಳಗಿನಿಂದ ಮೇಲೇರಿ ಎರಡು ರಾಕರ್ ಬಾಕ್ಸ್‌ಗಳಿಗೆ ಕವಲೊಡೆಯುವ ಈ ಪೈಪ್ ಒಂದೇ. ಅದರ ಎಲ್ಲ ತುದಿಗಳೂ ಎಂಜಿನ್ನಿನ ಮೇಲೇ ಇರುವುದರಿಂದ ಚೌಕಟ್ಟಿನ ಅಲುಗಾಟ ಅದಕ್ಕಿಲ್ಲ. ಆದರೂ ಬಿರಿಯುತ್ತಿದೆ ಎಂದರೆ ಎರಡು ಕಾರಣಗಳನ್ನು ಹುಡುಕಿ.

ಒಂದು, ಪೈಪನ್ನು ಎಳೆದು ಕೂರಿಸಿರಬಹುದು. ಪರೀಕ್ಷೆ ಸುಲಭ. ಎಲ್ಲ ಬ್ಯಾಂಜೊ ಬೋಲ್ಟ್‌ಗಳನ್ನೂ ಬಿಚ್ಚಿ, ಪೈಪನ್ನು ಸುಮ್ಮನೆ ಇಟ್ಟು ನೋಡಿ. ಯಾವ ಒತ್ತಾಯವೂ ಇಲ್ಲದೆ ಬೋಲ್ಟ್ ಬೆರಳಿನಿಂದಲೇ ತಿರುಗಿ ಒಳಗೆ ಹೋಗಬೇಕು. ಒಂದು ಕಡೆ ಬಿಗಿ ಮಾಡಿ ಇನ್ನೊಂದು ಕಡೆಯನ್ನು ಸ್ಪ್ಯಾನರಿನಿಂದ ಎಳೆಯಬೇಕಾದರೆ ಆ ಪೈಪ್ ಉಳಿಯುವುದಿಲ್ಲ. ಹೊಸ ಪೈಪ್ ಮಾಡುವ ಮೊದಲು 3 ಮಿ.ಮೀ. ವೆಲ್ಡಿಂಗ್ ಕಡ್ಡಿಯನ್ನು ಬಗ್ಗಿಸಿ ಎಂಜಿನ್ನಿನ ಮೇಲೇ ಅಚ್ಚು ತೆಗೆದುಕೊಳ್ಳಿ. ಆ ಕಡ್ಡಿಯನ್ನು ಮೇಜಿನ ಮೇಲಿಟ್ಟು ಪೈಪನ್ನು ಅದಕ್ಕೆ ಹೊಂದಿಸಿ ಬಗ್ಗಿಸುವುದು, ಎಂಜಿನ್ ಪಕ್ಕ ಕುಳಿತು ತಾಮ್ರವನ್ನು ಹತ್ತು ಸಲ ತಿದ್ದುವುದಕ್ಕಿಂತ ಎಷ್ಟೋ ಮೇಲು. ಎಲ್ಲಾದರೂ ಒಂದು ದೊಡ್ಡ ತಿರುವು ಇರಲಿ. ಬಿಸಿಯಾದಾಗ ಸಿಲಿಂಡರ್ ಉದ್ದವಾಗುತ್ತದೆ, ಆ ತಿರುವು ಅದಕ್ಕೆ ಮಣಿಯುತ್ತದೆ.

ಇನ್ನೊಂದು, ಬಗ್ಗಿಸಿದ ಮೇಲೆ ತಾಮ್ರವನ್ನು ಹದಕ್ಕೆ ತಂದಿರಲಿಕ್ಕಿಲ್ಲ. ನೆರಳಿನಲ್ಲಿ ನಿಂತು ಸುಮಾರು 600 ಡಿಗ್ರಿ ಸೆಲ್ಸಿಯಸ್‌ಗೆ, ಅಂದರೆ ಮಂಕಾದ ಕೆಂಪು ಕಾಣುವವರೆಗೆ ಕಾಯಿಸಿ ನೀರಿಗೆ ಅದ್ದಿ. ನೀರಿಗೆ ಹಾಕಿದರೆ ಗಡಸಾಗುತ್ತದೆ ಎಂಬ ಭಯ ಬೇಡ, ಅದು ಉಕ್ಕಿನ ಗುಣ. ತಾಮ್ರ ಮೆತ್ತಗೇ ಉಳಿಯುತ್ತದೆ, ಮೇಲಿನ ಕಪ್ಪು ಪದರವೂ ಸ್ವಲ್ಪ ಉದುರುತ್ತದೆ. ಒಳಗಡೆಯ ಪದರ ಹೋಗಬೇಕಾದರೆ ಬಿಸಿನೀರಿಗೆ ನಿಂಬೆಹುಳಿ ಪುಡಿ, ಅಂದರೆ ಸಿಟ್ರಿಕ್ ಆಮ್ಲ ಬೆರೆಸಿ ಅದರಲ್ಲಿ ನೆನೆಸಿಟ್ಟು ತೊಳೆಯಿರಿ. ಬಗ್ಗಿಸುವಾಗ ಒಳಗೆ ಮರಳು ತುಂಬುವ ಹಳೆಯ ಪದ್ಧತಿಯನ್ನು ಆಯಿಲ್ ಪೈಪಿಗೆ ನಾನು ಒಪ್ಪುವುದಿಲ್ಲ. ಉಳಿದ ಒಂದು ಕಣ ಸಾಕು ಬೇರಿಂಗ್ ಕೆಡಿಸುವುದಕ್ಕೆ. ಹೊರಗಿನಿಂದ ಹಾಕುವ ಬಾಗು ಸ್ಪ್ರಿಂಗ್ ಸಿಗುತ್ತದೆ, ಅದನ್ನು ಬಳಸಿ.

ನಿಮ್ಮೂರಿನ ಫ್ರಿಜ್, ಎಸಿ ರಿಪೇರಿ ಮಾಡುವವರ ಬಳಿ ಕಾಲು ಅಂಗುಲದ ಮೆತ್ತನೆಯ ತಾಮ್ರದ ಸುರುಳಿಯೂ ಬೆಂಡರೂ ಗ್ಯಾಸ್ ಟಾರ್ಚೂ ಇರುತ್ತವೆ. ಒಳ್ಳೆಯ ಕೈಗಳು ಅವು. ಆದರೆ ಅವರು ದಿನವೂ ಬಳಸುವುದು ರಂಜಕ ಬೆರೆತ ತಾಮ್ರದ ಕಡ್ಡಿ. ತಾಮ್ರಕ್ಕೆ ತಾಮ್ರ ಸೇರಿಸಲು ಅದು ಸರಿ. ನಿಮ್ಮ ಬ್ಯಾಂಜೊ ಉಕ್ಕಿನದಾದರೆ ಆ ಬೆಸುಗೆ ಗಾಜಿನಂತೆ ಪೆಡಸಾಗಿ ಮುರಿಯುತ್ತದೆ. ಅಯಸ್ಕಾಂತ ಹಿಡಿದು ನೋಡಿ. ಅಂಟಿಕೊಂಡರೆ ಶೇ 45ರಷ್ಟು ಬೆಳ್ಳಿ ಇರುವ ಕಡ್ಡಿ ಮತ್ತು ಫ್ಲಕ್ಸ್ ಬಳಸಲು ಹೇಳಿ. ಕ್ಯಾಡ್ಮಿಯಂ ಇಲ್ಲದ ಕಡ್ಡಿಯನ್ನೇ ಕೇಳಿ, ಕ್ಯಾಡ್ಮಿಯಂ ಹೊಗೆ ವಿಷ. ರೇಡಿಯೊ ರಿಪೇರಿಯ ಸೀಸದ ಬೆಸುಗೆ ಈ ಕಂಪನದಲ್ಲಿ ಬಾಳುವುದಿಲ್ಲ.

ನನ್ನ ಹಳೆಯ ಬ್ರಿಟಿಷ್ ಬೈಕಿನ ಬ್ಯಾಂಜೊ ಬೋಲ್ಟ್ ಕಳೆದುಹೋಯಿತು. ಅಂಗಡಿಯಲ್ಲಿ 10 ಮಿ.ಮೀ. ಬೋಲ್ಟ್ ಸಿಕ್ಕಿತು, ಎರಡು ಸುತ್ತು ತಿರುಗಿ ನಿಲ್ಲುತ್ತಿದೆ. ಟೆಫ್ಲಾನ್ ಟೇಪ್ ಸುತ್ತಿ ಬಿಗಿ ಮಾಡಬಹುದೇ?
– ಓದುಗರೊಬ್ಬರು, ಹುಬ್ಬಳ್ಳಿ

ದಯವಿಟ್ಟು ಬೇಡ. ಬ್ರಿಟಿಷ್ ಬೈಕಿನ ಆ ರಂಧ್ರ 1/8 ಅಂಗುಲದ ಬಿಎಸ್‌ಪಿ ಥ್ರೆಡ್ (ಬ್ರಿಟಿಷ್ ಪೈಪ್ ಥ್ರೆಡ್, 1/8 ಎಂಬುದು ಪೈಪಿನ ಹೆಸರಿನ ಅಳತೆ ಮಾತ್ರ) ಆಗಿರುವ ಸಾಧ್ಯತೆ ಹೆಚ್ಚು. ಅದರ ಹೊರವ್ಯಾಸ 9.73 ಮಿ.ಮೀ., ಅಂಗುಲಕ್ಕೆ 28 ಸುತ್ತು. ನಿಮ್ಮ ಬೋಲ್ಟ್ 10 ಮಿ.ಮೀ., ಒಂದೊಂದು ಸುತ್ತಿನ ಅಂತರ 1 ಮಿ.ಮೀ. ಇದ್ದರೆ ಅಂಗುಲಕ್ಕೆ ಸುಮಾರು 25 ಸುತ್ತು. ಹತ್ತಿರದ ನೆಂಟರಂತೆ ಕಂಡರೂ ಸೇರುವುದಿಲ್ಲ. ಬಲ ಹಾಕಿದರೆ ಕೆಡುವುದು ಅಲ್ಯೂಮಿನಿಯಂ ಕೇಸಿನ ಥ್ರೆಡ್, ಅದು ಬೋಲ್ಟಿನಷ್ಟು ಸುಲಭವಾಗಿ ಸಿಗುವ ವಸ್ತುವಲ್ಲ. ಥ್ರೆಡ್ ಗೇಜ್ ಇರುವ ಲೇತ್ ಅಂಗಡಿಗೆ ಹೋಗಿ ಅಳೆಸಿ, ಸರಿಯಾದ ಬೋಲ್ಟನ್ನು ಕಡೆಸಿಕೊಳ್ಳಿ. ಟೇಪಿನ ಎಳೆ ಕಿತ್ತುಬಂದು ರಾಕರಿನ ಸೂಕ್ಷ್ಮ ರಂಧ್ರವನ್ನು ಮುಚ್ಚುತ್ತದೆ. ಬ್ಯಾಂಜೊ ಸೋರದಂತೆ ತಡೆಯುವುದು ಅದರ ಎರಡೂ ಬದಿಗೆ ಹಾಕುವ ಮೆತ್ತನೆಯ ತಾಮ್ರದ ವಾಷರ್. ಹಳೆಯ ವಾಷರನ್ನೂ ಮೇಲೆ ಹೇಳಿದಂತೆ ಕಾಯಿಸಿ ಮತ್ತೆ ಬಳಸಬಹುದು.

ಯಜ್ಡಿಗೂ ಹೀಗೆ ಆಯಿಲ್ ಪೈಪ್ ಮಾಡಿಸಬೇಕೇ?
– ಓದುಗರೊಬ್ಬರು, ಮೈಸೂರು

ಬೇಡ. ಹಳೆಯ ಯಜ್ಡಿ ಟೂ ಸ್ಟ್ರೋಕ್ ಆದ್ದರಿಂದ ಪೆಟ್ರೋಲಿಗೆ ಬೆರೆಸಿದ ಎಣ್ಣೆಯೇ ಸಾಕು. ಆಯಿಲ್ ಕಿಂಗ್ ಮಾದರಿ ಮಾತ್ರ ಬೇರೆ. ಅದಕ್ಕೆ ಪ್ರತ್ಯೇಕ ಎಣ್ಣೆ ಪಂಪ್ ಇದೆ, ಆ ಸಣ್ಣ ಕೊಳವೆಯಲ್ಲಿ ಗಾಳಿಯ ಗುಳ್ಳೆ ನಿಲ್ಲದಂತೆ ನೋಡಿಕೊಳ್ಳಬೇಕು.

ಬೈಕ್ ಒಂದು ವಾರ ನಿಂತರೆ ಟ್ಯಾಂಕಿನ ಎಣ್ಣೆಯೆಲ್ಲ ಎಂಜಿನ್ನಿನ ತಳಕ್ಕೆ ಇಳಿಯುತ್ತದೆ. ಹೊಸ ಫೀಡ್ ಪೈಪ್ ಮಾಡಿಸುವಾಗಲೇ ಒಂದು ಕೊಳಾಯಿ ಸೇರಿಸಬೇಕೆಂದಿದ್ದೇನೆ.
– ಓದುಗರೊಬ್ಬರು, ಮಂಗಳೂರು

ನನ್ನ ಸಲಹೆ, ಸೇರಿಸಬೇಡಿ. ಕೊಳಾಯಿ ತೆರೆಯಲು ಒಂದೇ ಒಂದು ದಿನ ಮರೆತರೂ ಬಿಗ್ ಎಂಡ್ ಹೋಯಿತು. ಮುಚ್ಚಿದಾಗ ಮ್ಯಾಗ್ನೆಟೊದ (ಬ್ಯಾಟರಿಯಿಲ್ಲದೆ ಪ್ಲಗ್‌ಗೆ ಕಿಡಿ ಕೊಡುವ ಭಾಗ) ಕಿಡಿ ನಿಲ್ಲಿಸುವ ಸ್ವಿಚ್ಚನ್ನು ಕೊಳಾಯಿಗೆ ಕೂಡಿಸುವವರಿದ್ದಾರೆ. ಜಾಣ ಉಪಾಯವೇ, ಆದರೆ ಮ್ಯಾಗ್ನೆಟೊ ನಿಲ್ಲುವುದು ತಂತಿ ಅರ್ತ್ ಆದಾಗ, ಅಂದರೆ ಎಂಜಿನ್ನಿನ ಲೋಹಕ್ಕೆ ತಾಗಿದಾಗ. ಆ ತಂತಿ ಎಲ್ಲೋ ತುಂಡಾದರೆ ಬೈಕ್ ಎಂದಿನಂತೆ ಸ್ಟಾರ್ಟ್ ಆಗುತ್ತದೆ, ರಕ್ಷಣೆ ಹೋದದ್ದು ಗೊತ್ತೇ ಆಗುವುದಿಲ್ಲ. ಬ್ಯಾಟರಿ ಮತ್ತು ಕಾಯಿಲ್ ಇರುವ ಬೈಕಿನಲ್ಲಿ ತಂತಿ ತುಂಡಾದರೆ ಬೈಕೇ ಸ್ಟಾರ್ಟ್ ಆಗುವುದಿಲ್ಲ, ಅಲ್ಲಿ ಈ ಉಪಾಯ ಕ್ಷೇಮ. ಫೀಡ್ ಪೈಪಿನಲ್ಲಿ ಕೂರಿಸುವ ಸ್ಪ್ರಿಂಗ್ ವಾಲ್ವ್‌ಗಳನ್ನೂ ನಾನು ಹಾಕಿಸುವುದಿಲ್ಲ. ಎಳೆದುಕೊಳ್ಳುವ ಪಂಪಿನ ಎದುರು ಅಡ್ಡಿ ಇಡುವುದು ಸರಿಯಲ್ಲ.

ಎಣ್ಣೆ ಇಳಿಯುವುದು ಪಂಪ್ ಸವೆದಿರುವುದರಿಂದ ಅಥವಾ ಎಂಜಿನ್ನಿನೊಳಗೆ ಎಣ್ಣೆಯನ್ನು ತಡೆಹಿಡಿಯಬೇಕಾದ ಉಕ್ಕಿನ ಗುಂಡು ಸರಿಯಾಗಿ ಕೂರದಿರುವುದರಿಂದ. ಗುಂಡಿನ ಆಸನವನ್ನು ಸ್ವಚ್ಛ ಮಾಡಿಸಿ, ಹೊಸ ಗುಂಡು ಹಾಕಿಸಿ, ಪಂಪಿನ ಹಲ್ಲುಗಾಲಿಗಳ ಅಂಚಿನ ಸಡಿಲವನ್ನು ತೆಗೆಸಿ. ಅಲ್ಲಿಯವರೆಗೆ, ಬಹಳ ದಿನ ನಿಂತ ಬೈಕಿನ ಟ್ಯಾಂಕ್ ಬರಿದಾಗಿ ಕಂಡರೆ ಹೊಸ ಎಣ್ಣೆ ಸುರಿಯಬೇಡಿ. ತಳದ ಬೋಲ್ಟ್ ಬಿಚ್ಚಿ ಇಳಿದದ್ದನ್ನು ಪಾತ್ರೆಗೆ ಹಿಡಿದು, ಶೋಧಿಸಿ ಟ್ಯಾಂಕಿಗೇ ಹಾಕಿ.

ಹೊಸ ಪೈಪ್ ಹಾಕಿ ಸ್ಟಾರ್ಟ್ ಮಾಡಿದೆ. ಟ್ಯಾಂಕಿಗೆ ಮರಳುವ ಎಣ್ಣೆ ಮೊದಲು ಧಾರೆಯಾಗಿ ಬಂತು, ಆಮೇಲೆ ಗುಳ್ಳೆಗಳೊಂದಿಗೆ ಬಿಟ್ಟು ಬಿಟ್ಟು ಬೀಳುತ್ತಿದೆ. ಗಾಳಿ ಸೇರಿಕೊಂಡಿದೆಯೇ?
– ಓದುಗರೊಬ್ಬರು, ಮಡಿಕೇರಿ

ಹೌದು, ಅದು ಸೇರಬೇಕಾದ ಗಾಳಿಯೇ. ಡ್ರೈ ಸಂಪ್ ಎಂಜಿನ್ನಿನಲ್ಲಿ, ಅಂದರೆ ಎಣ್ಣೆ ತಳದಲ್ಲಿ ನಿಲ್ಲದೆ ಟ್ಯಾಂಕಿನಲ್ಲಿರುವ ಎಂಜಿನ್ನಿನಲ್ಲಿ, ಎಣ್ಣೆಯನ್ನು ಮರಳಿಸುವ ಪಂಪಿನ ಸಾಮರ್ಥ್ಯ ಕೊಡುವ ಪಂಪಿಗಿಂತ ಹೆಚ್ಚು. ತಳ ಖಾಲಿಯಾದ ಮೇಲೆ ಅದು ಎಣ್ಣೆಯ ಜೊತೆ ಗಾಳಿಯನ್ನೂ ಎತ್ತುತ್ತದೆ. ಒಂದೇ ಸಮನೆ ದಪ್ಪ ಧಾರೆ ಬಹಳ ಹೊತ್ತು ಬರುತ್ತಿದ್ದರೆ ಎಂಜಿನ್ನಿನ ತಳದಲ್ಲಿ ಎಣ್ಣೆ ಇನ್ನೂ ತುಂಬಿಕೊಂಡಿದೆ ಎಂದರ್ಥ. ಏನೂ ಬಾರದಿದ್ದರೆ ತಕ್ಷಣ ಎಂಜಿನ್ ನಿಲ್ಲಿಸಬೇಕು. ಮುಂದಿನ ಸಲ ಪೈಪ್ ಬಿಚ್ಚಿದಾಗ ಫೀಡ್ ಪೈಪನ್ನು ಎಣ್ಣೆಯಿಂದ ತುಂಬಿಸಿಯೇ ಜೋಡಿಸಿ. ಸ್ಪಾರ್ಕ್ ಪ್ಲಗ್ ತೆಗೆದು, ಅದರ ತಂತಿಯನ್ನು ಅರ್ತ್ ಮಾಡಿ, ಟ್ಯಾಂಕಿನಲ್ಲಿ ಎಣ್ಣೆ ಮರಳಿ ಬರುವುದು ಕಾಣುವವರೆಗೆ ಕಿಕ್ ಮಾಡಿ. ಆಮೇಲೆ ಪ್ಲಗ್ ಹಾಕಿ ಸ್ಟಾರ್ಟ್ ಮಾಡಿ.